ಉಗ್ರಾಣದಿಂದ ಕಾರ್ಯಾಲಯಕ್ಕೆ: ಬಾಕ್ಸ್ ಸಂಸ್ಥೆಯ ಬೆಳವಣಿಗೆ

ಅಕ್ಕಿ ಬೇಳೆಗಳನ್ನು ತುಂಬಿಡಲು ನಾಲ್ಕು ಗೋಡೆಗಳೂ ಒಂದು ಬಾಗಿಲೂ ಸಾಕು. ಆದರೆ ಬಂದುದೆಷ್ಟು, ಹೋದುದೆಷ್ಟು, ಯಾರ ಅಪ್ಪಣೆಯ ಮೇಲೆ ಹೋಯಿತು, ಬೀಗದ ಕೈ ಯಾರ ವಶದಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಉಗ್ರಾಣಿಯಿಲ್ಲದಿದ್ದರೆ ತುಂಬಿದ ಉಗ್ರಾಣವೂ ಬರಿದಾದುದಕ್ಕೆ ಸಮಾನವೇ ಸರಿ. ಧಾನ್ಯಕ್ಕೆ ಸಲ್ಲುವ ಈ ಮಾತು ಕಾಗದಪತ್ರಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಓಲೆಗರಿಗಳ ಕಟ್ಟುಗಳನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟ ಮನೆತನಗಳು ನಮ್ಮ ನಾಡಿನಲ್ಲಿ ಎಷ್ಟೋ ಇದ್ದುವು. ಬೇಕಾದಾಗ ಬೇಕಾದ ಗರಿಯನ್ನು ತೆಗೆದು ತೋರಿಸಬಲ್ಲವರು ಮಾತ್ರ ವಿರಳರಾಗಿದ್ದರು. ಇಡುವುದು ಸುಲಭ, ಇಟ್ಟುದನ್ನು ಆಳುವುದು ಕಷ್ಟ.

ಈ ಹಳೆಯ ಸತ್ಯವು ಗಣಕಯಂತ್ರದ ಯುಗದಲ್ಲಿಯೂ ಸುಳ್ಳಾಗಲಿಲ್ಲವೆಂಬುದಕ್ಕೆ ಅಮೆರಿಕದ ‘ಬಾಕ್ಸ್’ ಎಂಬ ಸಂಸ್ಥೆಯ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ. 2005ರಲ್ಲಿ ಇಬ್ಬರು ವಿದ್ಯಾರ್ಥಿಗಳು ಕಡತಗಳನ್ನಿಡುವ ಜಾಗವನ್ನು ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರವಾಗಿ ಇದನ್ನು ಆರಂಭಿಸಿದರು. ಇಂದು ಅದು ದೊಡ್ಡ ದೊಡ್ಡ ಸಂಸ್ಥೆಗಳ ಕಾಗದಪತ್ರಗಳ ವ್ಯವಹಾರವನ್ನೇ ನಿರ್ವಹಿಸುವ ತಂತ್ರಾಂಶವಾಗಿ ಬೆಳೆದಿದೆ. ಈ ಪರಿವರ್ತನೆ ಹೇಗಾಯಿತು, ಅದಕ್ಕೆ ತೆತ್ತ ಬೆಲೆಯೇನು, ಅದರಿಂದ ತಿಳಿಯತಕ್ಕದ್ದೇನು ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕ್ಲೌಡ್ ಎಂಬುದರ ಸ್ವರೂಪ

‘ಕ್ಲೌಡ್’ ಎಂದರೆ ಮೋಡ. ದೂರದ ಜಾಲದ ಒಳರಚನೆಯನ್ನು ವಿವರವಾಗಿ ಬರೆಯುವ ಅಗತ್ಯವಿಲ್ಲದಿದ್ದಾಗ ತಂತ್ರಜ್ಞರು ತಮ್ಮ ನಕ್ಷೆಗಳಲ್ಲಿ ಅದರ ಬದಲು ಒಂದು ಮೋಡದ ಚಿತ್ರವನ್ನು ಬರೆಯುತ್ತಿದ್ದರು. ಆ ಚಿತ್ರವೇ ಮುಂದೆ ಹೆಸರಾಯಿತು. ಹೆಸರನ್ನು ಕೇಳಿ ಆಕಾಶದತ್ತ ನೋಡಬೇಕಾಗಿಲ್ಲ. ಎಲ್ಲವೂ ನೆಲದ ಮೇಲೆ ಭದ್ರವಾಗಿ ನಿಂತ ಕಟ್ಟಡಗಳಲ್ಲಿಯೇ ಇದೆ. ಆ ಕಟ್ಟಡಗಳಲ್ಲಿ ಸಾವಿರಾರು ಗಣಕಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ. ಅವುಗಳನ್ನು ತಂಪಾಗಿಡಲು ಯಂತ್ರಗಳಿವೆ. ವಿದ್ಯುತ್ತು ನಿಂತರೆ ಬದಲಿ ಏರ್ಪಾಡಿದೆ. ಬಳಕೆದಾರನು ಕಳುಹಿಸಿದ ಕಡತವು ಗೂಢಲಿಪಿಗೆ ಪರಿವರ್ತಿತವಾಗಿ ಅಲ್ಲಿ ಸೇರುತ್ತದೆ. ಒಂದು ಯಂತ್ರ ಕೆಟ್ಟರೂ ನಷ್ಟವಾಗದಂತೆ ಅದರ ಪ್ರತಿಗಳು ಬೇರೆ ಬೇರೆ ಯಂತ್ರಗಳಲ್ಲಿ ಉಳಿಯುತ್ತವೆ.

ಇಂತಹ ಬಾಡಿಗೆಯ ಉಗ್ರಾಣ ಸಾಧ್ಯವಾದುದು ಜಾಗದ ಬೆಲೆ ಇಳಿದುದರಿಂದ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ‘ರಾಮ್ಯಾಕ್’ ಯಂತ್ರದ ಮೊದಲ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದುವು. ಅಷ್ಟು ದೊಡ್ಡ ಘಟಕದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಬೆರಳುಗುರಿನಷ್ಟಿರುವ ಬಿಲ್ಲೆಯೊಂದು ಅದರ ಸಹಸ್ರಾರು ಪಾಲನ್ನು ಹಿಡಿಯುತ್ತದೆ. 2004ರ ಏಪ್ರಿಲ್‌ನಲ್ಲಿ ಗೂಗಲ್ ಸಂಸ್ಥೆ ತನ್ನ ಜಿಮೇಲ್ ಸೇವೆಯಲ್ಲಿ ಒಂದು ಗಿಗಾಬೈಟ್, ಎಂದರೆ ಸುಮಾರು ನೂರು ಕೋಟಿ ಅಕ್ಷರಗಳಷ್ಟು ಜಾಗವನ್ನು ಪುಕ್ಕಟೆಯಾಗಿ ಕೊಟ್ಟಾಗ ಜಗತ್ತು ಬೆರಗಾಯಿತು. ವಸ್ತುವೊಂದರ ಬೆಲೆ ವರ್ಷ ವರ್ಷಕ್ಕೂ ಕುಸಿಯುತ್ತಿರುವಾಗ ಅದನ್ನೇ ಮಾರಿ ಬಾಳುವವನ ಗತಿಯೇನು? ಬಾಕ್ಸ್ ಸಂಸ್ಥೆಯ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯನ್ನು ಸುತ್ತಿಕೊಂಡಿದೆ.

ಇಬ್ಬರು ಗೆಳೆಯರ ಸಾಹಸ

ಆರನ್ ಲೆವಿ ಮತ್ತು ಡಿಲನ್ ಸ್ಮಿತ್ ಎಂಬಿಬ್ಬರು ಸಿಯಾಟಲ್ ನಗರದ ಬಳಿಯ ಮರ್ಸರ್ ದ್ವೀಪದಲ್ಲಿ ಬೆಳೆದ ಬಾಲ್ಯ ಸ್ನೇಹಿತರು. ಮುಂದೆ ಲೆವಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೂ ಸ್ಮಿತ್ ಡ್ಯೂಕ್ ವಿಶ್ವವಿದ್ಯಾಲಯವನ್ನೂ ಸೇರಿದರು. ಕಾಲೇಜಿನ ಪ್ರಬಂಧಗಳೂ ಟಿಪ್ಪಣಿಗಳೂ ಒಂದು ಯಂತ್ರದಲ್ಲಿದ್ದರೆ ಇನ್ನೊಂದರಲ್ಲಿ ಸಿಗದೆ ಹೋಗುವ ತೊಂದರೆ ಅಂದಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಈ ವಿಷಯವನ್ನು ಕುರಿತು ಲೆವಿ ತಮ್ಮ ವ್ಯಾಸಂಗದ ಅಂಗವಾಗಿ ಅಧ್ಯಯನವೊಂದನ್ನು ಕೈಗೊಂಡರು. ಅದರ ಫಲವಾಗಿ 2005ರಲ್ಲಿ ‘ಬಾಕ್ಸ್.ನೆಟ್’ ಹುಟ್ಟಿತು. ಸ್ಮಿತ್ ಇಸ್ಪೀಟಿನ ಆಟದಲ್ಲಿ ಗೆದ್ದಿದ್ದ ಹಲವು ಸಾವಿರ ಡಾಲರುಗಳೇ ಮೊದಲ ಬಂಡವಾಳ. ಆ ಹಣದ ಮೂಲವು ವಿದ್ಯಾರ್ಥಿಗಳಿಗೆ ಅನುಕರಣೀಯವೆಂದು ಯಾರೂ ಭಾವಿಸಬೇಕಾದುದಿಲ್ಲ. ನಡೆದ ಸಂಗತಿಯಾದುದರಿಂದ ಹೇಳಬೇಕಾಯಿತು.

ಅದೇ ವರ್ಷ ಈ ತರುಣರು ಪರಿಚಯವೇ ಇಲ್ಲದ ಮಾರ್ಕ್ ಕ್ಯೂಬನ್ ಎಂಬ ಶ್ರೀಮಂತ ಉದ್ಯಮಿಗೆ ಪತ್ರ ಬರೆದರು. ಅವರು 3,50,000 ಡಾಲರುಗಳನ್ನು ಹೂಡಿದರು. ಇದರಿಂದ ಧೈರ್ಯಗೊಂಡ ಗೆಳೆಯರು ಓದನ್ನು ಅರ್ಧಕ್ಕೆ ಬಿಟ್ಟು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದು ನೆಲೆಸಿದರು. ಅವರ ಬಾಲ್ಯದ ಇನ್ನಿಬ್ಬರು ಗೆಳೆಯರೂ ಜೊತೆಗೂಡಿದರು. ಮೊದಮೊದಲು ಸಂಸ್ಥೆ ತಿಂಗಳಿಗಿಷ್ಟು ಎಂದು ಅಲ್ಪ ಬಾಡಿಗೆ ಪಡೆಯುತ್ತಿತ್ತು. 2006ರಲ್ಲಿ ಒಂದು ಗಿಗಾಬೈಟ್ ಜಾಗವನ್ನು ಉಚಿತವಾಗಿ ಕೊಡತೊಡಗಿತು. ಬಳಕೆದಾರರು ಗುಂಪು ಗುಂಪಾಗಿ ಬಂದರು. ಪುಕ್ಕಟೆ ಕೊಡುವ ಈ ಮಾರ್ಗ ಕ್ಯೂಬನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರು ತಮ್ಮ ಪಾಲನ್ನು ಮಾರಿ ಹೊರನಡೆದರು. ಅದೇ ವರ್ಷ ಡ್ರೇಪರ್ ಫಿಷರ್ ಜರ್ವೆಟ್ಸನ್ ಎಂಬ ಹೂಡಿಕೆಯ ಸಂಸ್ಥೆಯಿಂದ 15 ಲಕ್ಷ ಡಾಲರು ದೊರೆಯಿತು.

2007ರ ತಿರುವು

ಬಳಕೆದಾರರ ಸಂಖ್ಯೆ ಏರಿತಾದರೂ ಚಿಂತೆ ಕಡಿಮೆಯಾಗಲಿಲ್ಲ. ಸಾಮಾನ್ಯ ಗೃಹಸ್ಥನು ತನ್ನ ಭಾವಚಿತ್ರಗಳನ್ನೂ ಹಾಡುಗಳನ್ನೂ ಇಡಲು ಜಾಗವನ್ನು ಕೇಳುತ್ತಾನೆ. ಕಾಸು ಕೊಡಲು ಹಿಂಜರಿಯುತ್ತಾನೆ. ಅಲ್ಲದೆ ಅಪಾರ ಧನಬಲವುಳ್ಳ ಸಂಸ್ಥೆಗಳು ಇಂದಲ್ಲ ನಾಳೆ ಅದೇ ಜಾಗವನ್ನು ಪುಕ್ಕಟೆಯಾಗಿ ಹಂಚುವುವೆಂಬುದು ಸ್ಪಷ್ಟವಾಗಿತ್ತು. ಆ ಊಹೆ ಸುಳ್ಳಾಗಲಿಲ್ಲ. 2012ರ ಏಪ್ರಿಲ್‌ನಲ್ಲಿ ಗೂಗಲ್ ಡ್ರೈವ್ ಬಂದೇ ಬಂದಿತು.

ಇನ್ನೊಂದೆಡೆ, ಸ್ಥಾಪಕರು ಗಮನಿಸಿದ ಸಂಗತಿಯೊಂದಿತ್ತು. ಕಂಪೆನಿಗಳ ನೌಕರರು ತಮ್ಮ ಕಚೇರಿಯ ಕಡತಗಳನ್ನು ಪರಸ್ಪರ ಹಂಚಿಕೊಳ್ಳಲು ತಾವಾಗಿಯೇ ಬಾಕ್ಸನ್ನು ಬಳಸತೊಡಗಿದ್ದರು. ಕಚೇರಿಯೇ ಒದಗಿಸಿದ್ದ ಹಳೆಯ ತಂತ್ರಾಂಶಗಳು ಬಲು ತೊಡಕಿನವಾಗಿದ್ದುವು. ಹೊರಗಿನ ಊರಿನವರೊಡನೆ ಕೆಲಸ ಮಾಡುವಾಗ ಅವು ನೆರವಾಗುತ್ತಿರಲಿಲ್ಲ. ತೊಡಕಿನ ವ್ಯವಸ್ಥೆಗೇ ಹಣ ತೆರುತ್ತಿದ್ದ ಕಂಪೆನಿಗಳು ಸರಳವಾದುದಕ್ಕೆ ಹಣ ಕೊಡದಿದ್ದಾವೆಯೇ? ಈ ವಿಚಾರದ ಮೇಲೆ ಬಾಕ್ಸ್ 2007ರಲ್ಲಿ ತನ್ನ ದಾರಿಯನ್ನು ಸಂಸ್ಥೆಗಳತ್ತ ತಿರುಗಿಸಿತು.

ಕಣ್ಣೆದುರಿಗಿದ್ದ ದೊಡ್ಡ ಬಳಕೆದಾರ ಸಮೂಹದ ಚಪಲವನ್ನು ಬಿಟ್ಟು, ವ್ಯವಹಾರದ ಅನುಭವವಿಲ್ಲದ ಇಪ್ಪತ್ತೆರಡರ ಆಸುಪಾಸಿನ ತರುಣರು ದೊಡ್ಡ ಕಂಪೆನಿಗಳ ಬಾಗಿಲು ತಟ್ಟಹೊರಟುದು ಸಾಮಾನ್ಯ ಧೈರ್ಯವಲ್ಲ. ಆದರೆ ಸಫಲತೆಗೆ ಇದೊಂದೇ ಮಾರ್ಗವೆಂದು ಹೇಳುವಂತೆಯೂ ಇಲ್ಲ. ಅದೇ 2007ರಲ್ಲಿ ಸ್ಥಾಪಿತವಾದ ‘ಡ್ರಾಪ್‌ಬಾಕ್ಸ್’ ವ್ಯಕ್ತಿಗಳನ್ನೇ ಮುಖ್ಯವಾಗಿ ಆಶ್ರಯಿಸಿ ಬೆಳೆದು 2018ರಲ್ಲಿ ಷೇರುಪೇಟೆಯನ್ನು ಸೇರಿತು. ದಾರಿಗಳು ಎರಡು, ಬಾಕ್ಸ್ ಆರಿಸಿಕೊಂಡುದು ನಿಧಾನವಾದ ದಾರಿಯನ್ನು.

ಸಂಸ್ಥೆಗಳು ಕೇಳುವ ಪ್ರಶ್ನೆಗಳು

ವ್ಯಕ್ತಿಯೊಬ್ಬನು ‘ಎಷ್ಟು ಜಾಗ ಕೊಡುತ್ತೀರಿ?’ ಎಂದು ಕೇಳಿದರೆ ಸಂಸ್ಥೆಯು ಕೇಳುವ ಪ್ರಶ್ನೆಗಳೇ ಬೇರೆ. ಒಂದು ವಿದ್ಯಾಶಾಲೆಯ ಪರೀಕ್ಷೆಯ ಅಂಕಪಟ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಷಯದ ಅಧ್ಯಾಪಕರು ಅದರಲ್ಲಿ ಅಂಕಗಳನ್ನು ಬರೆಯಬೇಕು. ಮುಖ್ಯೋಪಾಧ್ಯಾಯರು ನೋಡಿ ಒಪ್ಪಬೇಕು. ಗುಮಾಸ್ತರು ನಕಲು ತೆಗೆಯಬಹುದು, ತಿದ್ದಕೂಡದು. ವಿದ್ಯಾರ್ಥಿಗೆ ತನ್ನ ಅಂಕ ಮಾತ್ರ ಕಾಣಬೇಕು. ಒಪ್ಪಿಗೆಯಾದ ಮೇಲೆ ಯಾರಾದರೂ ತಿದ್ದಿದರೆ, ತಿದ್ದಿದವರು ಯಾರು, ಯಾವ ದಿನ, ಮೊದಲಿದ್ದ ಅಂಕವೇನು ಎಂಬುದು ತಿಳಿಯಬೇಕು. ಅಧ್ಯಾಪಕರು ನಿವೃತ್ತರಾದ ದಿನ ಅವರ ಅಧಿಕಾರವು ನಿಲ್ಲಬೇಕು. ಅವರು ಬರೆದ ದಾಖಲೆ ಮಾತ್ರ ಉಳಿಯಬೇಕು. ಕಾಯಿದೆ ಹೇಳಿದಷ್ಟು ವರ್ಷ ಅದನ್ನು ಇಟ್ಟಿರಬೇಕು.

ಅಂಕಪಟ್ಟಿ ಹಿಡಿಯುವ ಜಾಗ ಅತ್ಯಲ್ಪ. ಅದರ ಸುತ್ತಲಿನ ಈ ಕಟ್ಟುಪಾಡುಗಳೇ ನಿಜವಾದ ಕೆಲಸ. ಬಾಕ್ಸ್ ಸಂಸ್ಥೆಯ ತಂತ್ರಜ್ಞರು ವರ್ಷಗಟ್ಟಲೆ ಕಟ್ಟಿದುದು ಇದನ್ನೇ. ಪ್ರತಿಯೊಂದು ಕಡತಕ್ಕೂ ನೋಡುವ, ತಿದ್ದುವ, ಹಂಚುವ ಅಧಿಕಾರಗಳನ್ನು ಬೇರೆ ಬೇರೆಯಾಗಿ ಕೊಡುವ ವ್ಯವಸ್ಥೆ, ಹಳೆಯ ಆವೃತ್ತಿಗಳ ರಕ್ಷಣೆ, ಯಾರು ಯಾವಾಗ ತೆರೆದರೆಂಬ ದಾಖಲೆ, ನ್ಯಾಯಾಲಯದಲ್ಲಿ ವ್ಯಾಜ್ಯವಿರುವಾಗ ಕಡತವು ಅಳಿಸದಂತೆ ತಡೆಹಿಡಿಯುವ ಏರ್ಪಾಡು ಇವೆಲ್ಲ ಒಂದೊಂದಾಗಿ ಸೇರಿದುವು. ರೋಗಿಗಳ ವಿವರಗಳ ಗೋಪ್ಯತೆಯನ್ನು ಕುರಿತ ಅಮೆರಿಕದ ಕಾಯಿದೆಗೆ ಅನುಗುಣವಾಗಿ 2013ರಲ್ಲಿ ಆಸ್ಪತ್ರೆಗಳಿಗೆ ತಕ್ಕ ಸೇವೆಯನ್ನು ಕೊಡತೊಡಗಿತು. 2014ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತನ್ನ 3,00,000 ನೌಕರರಿಗೆ ಬಾಕ್ಸನ್ನು ಒದಗಿಸಲು ನಿರ್ಧರಿಸಿದುದು ಈ ಪರಿಶ್ರಮಕ್ಕೆ ದೊರೆತ ದೊಡ್ಡ ಮನ್ನಣೆ.

ನಷ್ಟದ ಲೆಕ್ಕ

2014ರ ಮಾರ್ಚಿಯಲ್ಲಿ ಷೇರುಪೇಟೆಗೆ ಬರುವ ಉದ್ದೇಶದಿಂದ ಸಂಸ್ಥೆ ತನ್ನ ಲೆಕ್ಕಪತ್ರಗಳನ್ನು ಬಹಿರಂಗಪಡಿಸಿತು. 2.5 ಕೋಟಿ ನೋಂದಾಯಿತ ಬಳಕೆದಾರರೂ ಹಣ ತೆರುವ 34,000 ಸಂಸ್ಥೆಗಳೂ ಇದ್ದ ಈ ಕಂಪೆನಿಯ ವರಮಾನ, 2014ರ ಜನವರಿಗೆ ಮುಗಿದ ವರ್ಷದಲ್ಲಿ, 12.42 ಕೋಟಿ ಡಾಲರು. ನಷ್ಟ 16.86 ಕೋಟಿ ಡಾಲರು! ಮಾರಾಟ ಮತ್ತು ಪ್ರಚಾರಕ್ಕೆ ಮಾಡಿದ ಖರ್ಚೊಂದೇ ಇಡೀ ವರಮಾನವನ್ನು ಮೀರಿತ್ತು. ನೋಡಿದವರು ಹುಬ್ಬೇರಿಸಿದುದು ಸಹಜವೇ.

ಇದರ ಒಳಗುಟ್ಟನ್ನು ತೆಂಗಿನ ತೋಟದ ಉಪಮೆಯಿಂದ ತಿಳಿಯಬಹುದು. ಸಸಿ ನೆಟ್ಟು, ನೀರೆರೆದು, ಬೇಲಿ ಕಟ್ಟಿ, ಆಳಿಗೆ ಕೂಲಿ ಕೊಡುವ ವರ್ಷಗಳಲ್ಲಿ ಒಂದು ಕಾಯಿಯೂ ಕೈಗೆ ಸಿಗುವುದಿಲ್ಲ. ಸಂಸ್ಥೆಗಳಿಗೆ ತಂತ್ರಾಂಶವನ್ನು ಒದಗಿಸುವವನ ಪಾಡೂ ಹೀಗೆಯೇ. ಒಬ್ಬ ಗ್ರಾಹಕನನ್ನು ಒಲಿಸಲು ನೂರು ರೂಪಾಯಿ ಖರ್ಚಾಗಿ, ಅವನಿಂದ ವರ್ಷಕ್ಕೆ ಐವತ್ತು ರೂಪಾಯಿ ಬರುವುದೆಂದು ಭಾವಿಸಿದರೆ, ಮೊದಲ ವರ್ಷ ಐವತ್ತು ನಷ್ಟ. ಎರಡನೆಯ ವರ್ಷಕ್ಕೆ ಸರಿಸಮ. ಮೂರನೆಯ ವರ್ಷದಿಂದ ಲಾಭ. ಆದರೆ ವರ್ಷ ವರ್ಷವೂ ಹೊಸ ಸಸಿಗಳನ್ನೇ ಹೆಚ್ಚು ಹೆಚ್ಚಾಗಿ ನೆಡುತ್ತಿದ್ದರೆ ಹಳೆಯ ಮರದ ಫಲವೂ ಹೊಸ ಸಸಿಯ ಖರ್ಚಿನಲ್ಲಿ ಮುಳುಗುತ್ತದೆ. ಹೂಡುವವನು ನೋಡಬೇಕಾದುದು ಒಂದೇ: ನೆಟ್ಟ ಮರಗಳು ಉಳಿದುಕೊಂಡಿವೆಯೇ? ಗ್ರಾಹಕರು ವರ್ಷ ವರ್ಷವೂ ಉಳಿದರೆ ನಷ್ಟವು ಬೀಜ. ಬಿಟ್ಟುಹೋದರೆ ಅದು ಬರಿಯ ನಷ್ಟ.

ಪೇಟೆಯ ಮನಸ್ಸು ಆಗ ಅನುಕೂಲವಾಗಿರಲಿಲ್ಲ. ಷೇರು ಬಿಡುಗಡೆ ಮುಂದಕ್ಕೆ ಹೋಯಿತು. ಆ ನಡುವೆ, ಜುಲೈ ತಿಂಗಳಲ್ಲಿ, ಖಾಸಗಿ ಹೂಡಿಕೆದಾರರಿಂದ 15 ಕೋಟಿ ಡಾಲರು ಪಡೆದು ಸಂಸ್ಥೆ ಉಸಿರು ಹಿಡಿದುಕೊಂಡಿತು. ಕೊನೆಗೆ 2015ರ ಜನವರಿ 23ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ತಲಾ 14 ಡಾಲರಿನಂತೆ ಷೇರುಗಳನ್ನು ಮಾರಿ 17.5 ಕೋಟಿ ಡಾಲರು ಸಂಗ್ರಹಿಸಿತು. ಮೊದಲ ದಿನವೇ ಷೇರಿನ ಬೆಲೆ 23 ಡಾಲರನ್ನು ದಾಟಿತು.

ಬಲಿಷ್ಠರ ನಡುವೆ ಬದುಕು

ಜಾಗದ ಬೆಲೆ ಕುಸಿಯುವುದೆಂಬ ಹಳೆಯ ಭಯ 2014ರಲ್ಲಿ ಪೂರ್ಣವಾಗಿ ನಿಜವಾಯಿತು. ಮೈಕ್ರೋಸಾಫ್ಟ್ ತನ್ನ ಕಚೇರಿ ತಂತ್ರಾಂಶದೊಡನೆ ಪ್ರತಿಯೊಬ್ಬ ನೌಕರನಿಗೂ ಸಾವಿರ ಗಿಗಾಬೈಟುಗಳಷ್ಟು ಜಾಗವನ್ನು ಸೇರಿಸಿ ಕೊಡುವುದಾಗಿ ಸಾರಿತು. ಅದೇ ವರ್ಷ ಬಾಕ್ಸ್ ತನ್ನ ವ್ಯಾಪಾರಿ ಗ್ರಾಹಕರಿಗೆ ಮಿತಿಯೇ ಇಲ್ಲದ ಜಾಗವನ್ನು ಘೋಷಿಸಿತು. ಜಾಗವನ್ನು ಅಳೆದು ಮಾರಲು ಹುಟ್ಟಿದ ಸಂಸ್ಥೆ ಒಂಬತ್ತು ವರ್ಷಗಳಲ್ಲಿ ಅಳೆಯುವುದನ್ನೇ ಬಿಟ್ಟಿತು. ಏಳು ವರ್ಷಗಳ ಹಿಂದೆ ದಾರಿಯನ್ನು ಬದಲಿಸದಿದ್ದರೆ ಆ ದಿನ ಅದರ ಅಂಗಡಿಯ ಬಾಗಿಲು ಮುಚ್ಚುತ್ತಿತ್ತು. ಬದಲಿಸಿದ್ದರಿಂದ ಅದು ಒಂದು ಘೋಷಣೆಯಾಗಿ ಮಾತ್ರ ಉಳಿಯಿತು.

ಮುಂದಿನ ಬೆಳವಣಿಗೆಯೂ ಆಳ್ವಿಕೆಯ ದಿಕ್ಕಿನಲ್ಲಿಯೇ ಸಾಗಿತು. ಗೂಢಲಿಪಿಯ ಕೀಲಿಯನ್ನು ಗ್ರಾಹಕನೇ ತನ್ನ ವಶದಲ್ಲಿಟ್ಟುಕೊಳ್ಳುವ ವ್ಯವಸ್ಥೆ 2015ರಲ್ಲಿ ಬಂದಿತು. ಉಗ್ರಾಣ ಪರರದಾದರೂ ಬೀಗದ ಕೈ ತನ್ನದೇ ಎಂದಂತಾಯಿತು. ತಮ್ಮ ಜನರ ವಿವರಗಳು ದೇಶದ ಗಡಿಯನ್ನು ದಾಟಬಾರದೆಂದು ಹಲವು ದೇಶಗಳು ಬಯಸಿದುದರಿಂದ, 2016ರಲ್ಲಿ ಜರ್ಮನಿ, ಐರ್ಲೆಂಡ್, ಜಪಾನ್, ಸಿಂಗಪುರಗಳಲ್ಲಿ ಕಡತಗಳನ್ನು ಇಡುವ ಆಯ್ಕೆಯನ್ನು ಒದಗಿಸಿತು. ಇದಕ್ಕಾಗಿ ಅಮೆಜಾನ್ ಮತ್ತು ಐಬಿಎಂ ಸಂಸ್ಥೆಗಳ ಕಟ್ಟಡಗಳನ್ನು ಅವಲಂಬಿಸಿತು. ತನ್ನ ಉಗ್ರಾಣವನ್ನೇ ಪರರ ಉಗ್ರಾಣದಲ್ಲಿ ಇಡುವಷ್ಟು ‘ಇಡುವ ಕೆಲಸ’ ಗೌಣವಾಗಿತ್ತು! 2021ರಲ್ಲಿ ‘ಸೈನ್ ರಿಕ್ವೆಸ್ಟ್’ ಎಂಬ ಸಂಸ್ಥೆಯನ್ನು ಕೊಂಡು, ಕರಾರುಪತ್ರಗಳಿಗೆ ದೂರದಿಂದಲೇ ಸಹಿ ಹಾಕುವ ಸೌಕರ್ಯವನ್ನು ಸೇರಿಸಿತು. 2023ರಲ್ಲಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಡತಗಳನ್ನೇ ಪ್ರಶ್ನಿಸಿ ಉತ್ತರ ಪಡೆಯುವ ಸೇವೆಯನ್ನು ಪ್ರಕಟಿಸಿತು. ಇಲ್ಲಿಯೂ ಹಳೆಯ ಕಟ್ಟುಪಾಡೇ ಆಧಾರ. ಕೇಳಿದವನಿಗೆ ಯಾವ ಕಡತವನ್ನು ನೋಡುವ ಅಧಿಕಾರವಿಲ್ಲವೋ ಅದರೊಳಗಿನ ಉತ್ತರವೂ ಅವನಿಗೆ ಸಿಗಕೂಡದು.

ಈ ನಡುವೆ ಸ್ಥಾಪಕರಿಗೆ ಕಠಿಣ ಪರೀಕ್ಷೆಯೊಂದು ಎದುರಾಯಿತು. ಬೆಳವಣಿಗೆ ಮಂದವಾಯಿತೆಂದು ಅಸಮಾಧಾನಗೊಂಡ ‘ಸ್ಟಾರ್‌ಬೋರ್ಡ್ ವ್ಯಾಲ್ಯೂ’ ಎಂಬ ಷೇರುದಾರ ಸಂಸ್ಥೆ ಆಡಳಿತ ಮಂಡಳಿಗೆ ತನ್ನ ಅಭ್ಯರ್ಥಿಗಳನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್ 9ರಂದು ನಡೆದ ಮತದಾನದಲ್ಲಿ ಷೇರುದಾರರು ಸಂಸ್ಥೆಯ ಅಭ್ಯರ್ಥಿಗಳನ್ನೇ ಚುನಾಯಿಸಿದರು; ಲೆವಿ ಮುಖ್ಯಾಧಿಕಾರಿಯಾಗಿ ಮುಂದುವರಿದರು. ಟೀಕೆಯಿಂದ ಒಳಿತೇ ಆಯಿತೆನ್ನಬೇಕು; ಖರ್ಚಿನಲ್ಲಿ ಹಿಡಿತ ಬಂದಿತು. 2023ರ ಜನವರಿಗೆ ಮುಗಿದ ವರ್ಷದಲ್ಲಿ ಸಂಸ್ಥೆ ಮೊದಲ ಬಾರಿಗೆ ಇಡೀ ವರ್ಷದ ನಿವ್ವಳ ಲಾಭವನ್ನು ಕಂಡಿತು. ಮರುವರ್ಷ ವರಮಾನ ನೂರು ಕೋಟಿ ಡಾಲರನ್ನು ಮೀರಿತು. ಸಸಿ ನೆಟ್ಟ ಹದಿನೆಂಟನೆಯ ವರ್ಷಕ್ಕೆ ತೋಟವು ತನ್ನ ಖರ್ಚನ್ನು ತಾನೇ ಹೊತ್ತಿತು.

ನಂಬಿಕೆಯೆಂಬ ಮೂಲಧನ

ಪರರ ಮನೆಯಲ್ಲಿ ನಮ್ಮ ಪೆಟ್ಟಿಗೆಯನ್ನಿಡುವ ಈ ಪದ್ಧತಿಯಲ್ಲಿ ಭಯಕ್ಕೆ ಕಾರಣವಿಲ್ಲವೆಂದು ಹೇಳಲಾಗದು. 2012ರ ಜನವರಿಯಲ್ಲಿ ‘ಮೆಗಾಅಪ್‌ಲೋಡ್’ ಎಂಬ ಸೇವೆಯನ್ನು ಕೃತಿಸ್ವಾಮ್ಯದ ಉಲ್ಲಂಘನೆಯ ಆಪಾದನೆಯ ಮೇಲೆ ಅಮೆರಿಕದ ಸರ್ಕಾರ ಮುಚ್ಚಿಸಿದಾಗ, ಯಾವ ತಪ್ಪನ್ನೂ ಮಾಡದೆ ತಮ್ಮ ಸ್ವಂತ ಕಡತಗಳನ್ನು ಅಲ್ಲಿಟ್ಟಿದ್ದವರೂ ಅವುಗಳನ್ನು ಕಳೆದುಕೊಂಡರು. 2019ರಲ್ಲಿ ಬಾಕ್ಸಿನ ಗ್ರಾಹಕರಾಗಿದ್ದ ಹಲವು ಕಂಪೆನಿಗಳ ಗೋಪ್ಯ ಕಡತಗಳು ಹೊರಗಿನವರಿಗೆ ಕಾಣುವಂತಿವೆಯೆಂದು ಸುರಕ್ಷತಾ ಸಂಶೋಧಕರು ಪ್ರಕಟಿಸಿದರು. ಬೀಗವನ್ನು ಯಾರೂ ಒಡೆದಿರಲಿಲ್ಲ. ಕಡತಗಳನ್ನು ಹಂಚುವಾಗ ನೌಕರರೇ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಎಷ್ಟೇ ಉತ್ತಮವಾದ ಉಗ್ರಾಣವಾದರೂ ಉಗ್ರಾಣಿಯ ಎಚ್ಚರಕ್ಕೆ ಬದಲಿಯಾಗಲಾರದು.

ಇಂದು ವಿದ್ಯಾಸಂಸ್ಥೆಗಳು ಪ್ರವೇಶದ ದಾಖಲೆ, ಅಂಕಪಟ್ಟಿ, ದಾನಪತ್ರ, ಹಳೆಯ ಭಾವಚಿತ್ರ ಮೊದಲಾದುವನ್ನು ಇಂತಹ ಸೇವೆಗಳಿಗೆ ಒಪ್ಪಿಸತೊಡಗಿವೆ. ಒಪ್ಪಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ನೋಡಬಲ್ಲವರು ಯಾರು? ತಿದ್ದಬಲ್ಲವರು ಯಾರು? ಇನ್ನೊಂದು ಪ್ರತಿ ಎಲ್ಲಿದೆ? ಸೇವೆಯನ್ನು ಬಿಡುವ ದಿನ ಬಂದರೆ ಎಲ್ಲವನ್ನೂ ಹಿಂದಕ್ಕೆ ಪಡೆಯುವುದು ಹೇಗೆ? ಜಾಗವೆಷ್ಟು ಎಂಬ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಿದರೂ ನಡೆದೀತು.

ಇಬ್ಬರು ತರುಣರು ಜಾಗವನ್ನು ಮಾರಲು ಹೊರಟು, ಜನರಿಗೆ ನಿಜವಾಗಿ ಬೇಕಾದುದು ವ್ಯವಸ್ಥೆಯೆಂಬುದನ್ನು ಕಂಡುಕೊಂಡರು. ಅದನ್ನು ಕಟ್ಟಲು ಹದಿನೆಂಟು ವರ್ಷಗಳ ತಾಳ್ಮೆ ಬೇಕಾಯಿತು. ಆ ತಾಳ್ಮೆಯನ್ನು ನಂಬಿ ಹಣವಿತ್ತವರೂ ಬೇಕಾಯಿತು. ಬೇಗ ಫಲ ಕಾಣದ ಕೆಲಸಕ್ಕೆ ನೀರೆರೆಯುವವರಿದ್ದರೆ ಮಾತ್ರ ತೋಟವುಂಟು ಎಂಬ ಮಾತು ವಾಣಿಜ್ಯಕ್ಕೆ ಸಲ್ಲುವಂತೆಯೇ ವಿದ್ಯೆಗೂ ಸಲ್ಲುತ್ತದೆ.